ಚೊಂಬು ಹಿಡಿದು ರೈಲು ನೋಡಿದವರು

ರೈಲು ನೋಡುವ ಹುಚ್ಚಿನವರ ಬಾಳಿನಲ್ಲಿ ನಗೆಪಾಟಲಿಗೆ ಬಿಡುವೇ ಇರುವುದಿಲ್ಲ. ನಾವಾಗಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದಾಗಿಯೇ ಹೊತ್ತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ತಡವಾಗುವುದು ರೈಲು ಮಾತ್ರ.

ಎಂಬತ್ತರ ದಶಕದ ನಡುವಿನ ಮಾತು. ನಾನು ರಾಜಾಜಿನಗರದಲ್ಲಿ ಹೈಸ್ಕೂಲು ಮೇಷ್ಟ್ರು. ಬೆಳಿಗ್ಗೆ ಸಂಧ್ಯಾವಂದನೆ, ಶನಿವಾರ ಒಪ್ಪತ್ತು, ಸುಳ್ಳು ಹೇಳಬಾರದೆಂಬ ವ್ರತ, ಇಷ್ಟು ನನ್ನ ಆಸ್ತಿ. ಇದರ ಜೊತೆಗೆ ರೈಲು. ಯಶವಂತಪುರದ ಕಡೆ ಹೋಗುವ ಮೀಟರ್ ಗೇಜ್ ಹಳಿ ನಮ್ಮ ಬಡಾವಣೆಯ ಅಂಚಿನಲ್ಲೇ ಇತ್ತು. ಹಳಿಗೆ ಅಂಟಿಕೊಂಡಂತೆ ಪುಟ್ಟದೊಂದು ಆಂಜನೇಯನ ಗುಡಿ. ಆ ಗುಡಿಯ ಕಟ್ಟೆಯ ಮೇಲೆ ಸಂಜೆ ನಾಲ್ಕು ಜನ ಸೇರುತ್ತಿದ್ದೆವು: ನಾನು, ಸರ್ಕಾರಿ ಆಫೀಸಿನ ಹೆಡ್ ಗುಮಾಸ್ತರೊಬ್ಬರು, ಕುರುಬರಹಳ್ಳಿಯ ಸೈಕಲ್ ಶಾಪಿನವರು, ಮತ್ತೆ ಗುಡಿಯ ಅರ್ಚಕರು. ಆ ದಿನ ಯಾರು ಯಾವ ಎಂಜಿನ್ ನೋಡಿದರು, ಅದರ ನಂಬರ್ ಏನು, ಎಷ್ಟು ಹೊಗೆ ಬಿಟ್ಟಿತು, ಇದೇ ನಮ್ಮ ಮಾತು.

"ಇವತ್ತು ಒಂದೇ ಗಾಡಿಗೆ ಎರಡು ಎಂಜಿನ್ ಕಟ್ಟಿದ್ರು ಕಣ್ರೀ, ಕಣ್ಣಾರೆ ನೋಡಿದೆ" ಎಂದು ಹೆಡ್ ಗುಮಾಸ್ತರು ಹೇಳಿದರೆ, ಸೈಕಲ್ ಶಾಪಿನವರು, "ಕನ್ನಡಕ ಬದಲಾಯಿಸಿ ಸಾರ್, ಒಂದಾಗುತ್ತೆ" ಎನ್ನುತ್ತಿದ್ದರು.

ಆ ವರ್ಷ ನನ್ನ ಮಗಳಿಗೆ ಗಂಡು ಹುಡುಕುತ್ತಿದ್ದೆವು. ಬಂದ ಎರಡು ಸಂಬಂಧ ತಪ್ಪಿಹೋಗಿತ್ತು. ಎರಡು ಸಲವೂ ನಾನೇ ರೈಲಿನ ಮಾತು ತೆಗೆದು, ಬಂದವರು ಬಸ್ಸು ತಪ್ಪಿಸಿಕೊಳ್ಳುವವರೆಗೂ ನಿಲ್ಲಿಸಿರಲಿಲ್ಲವಂತೆ. ಹೆಂಡತಿ ದೇವರ ಮನೆಯಲ್ಲೇ ನನ್ನನ್ನು ನಿಲ್ಲಿಸಿ ಹೇಳಿದಳು: "ಮುಂದಿನ ಸಂಬಂಧಕ್ಕೆ ನಿಮ್ಮ ರೈಲು ವಿಷಯ ಗೊತ್ತಾಗ್ಬಾರದು. ಇದೂ ತಪ್ಪಿದ್ರೆ ಅವಳ ಮುಖ ನೋಡೋಕೆ ನನ್ನ ಕೈಲಾಗಲ್ಲ." ನಾನು ಒಪ್ಪಿದೆ. ಮುಚ್ಚಿಡುವುದು ಸುಳ್ಳು ಹೇಳಿದಂತಲ್ಲ ಎಂದು ಮನಸ್ಸಿಗೂ ಒಪ್ಪಿಸಿದೆ.

ಪೊಲೀಸಪ್ಪನ ಸಹಾಯ

ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುವ ಉಗಿ ಎಂಜಿನ್ ದಿನಕ್ಕೊಂದು ಥರ. ನಂಬರ್ ಬರೆದುಕೊಳ್ಳಲು ನೋಟ್ ಬುಕ್ಕು ಹಿಡಿದು ಹಳಿಯ ಪಕ್ಕ ನಿಂತಿದ್ದಾಗ ಒಬ್ಬ ಪೊಲೀಸಿನವನು ಬಂದ.

"ಏನ್ ಬರೀತಾ ಇದೀರಿ?"

"ಎಂಜಿನ್ ನಂಬರ್."

"ಯಾಕೆ?"

ನಾನು ನೋಟ್ ಬುಕ್ಕನ್ನೇ ಅವನ ಕೈಗೆ ಕೊಟ್ಟೆ. ಅವನು ನೋಟ್ ಬುಕ್ಕು ತಿರುವಿಹಾಕಿ, ಪುಟಗಟ್ಟಲೆ ಬರೀ ನಂಬರು, ಟೈಮು ನೋಡಿ, "ಯಾವ ದೇಶಕ್ಕೆ ಕಳಿಸ್ತೀರಿ ಇದನ್ನ?" ಎಂದ. ಗುಡಿಯ ಅರ್ಚಕರು ಓಡಿಬಂದು ಬಿಡಿಸಿದರು.

ಸಂಜೆ ಸೈಕಲ್ ಶಾಪಿನವರು ಕೇಳಿ ನಕ್ಕರು. "ಮೇಷ್ಟ್ರೇ, ಬೆಳಿಗ್ಗೆ ಹಳಿ ಪಕ್ಕ ಎಷ್ಟು ಜನ ಕೂತಿರ್ತಾರೆ ನೋಡಿದೀರಾ? ಯಾರನ್ನಾದ್ರೂ ಪೊಲೀಸು ಮಾತಾಡಿಸ್ತಾನಾ? ಕೈಯಲ್ಲಿ ಚೊಂಬಿರೋನಿಗೆ ಯಾರೂ ಪ್ರಶ್ನೆ ಕೇಳಲ್ಲ. ಬುಕ್ಕು ಪೆನ್ಸಿಲ್ಲು ಚೊಂಬಿನೊಳಗೆ ಇಟ್ಕೊಳ್ಳಿ."

ಮಾರನೆಯ ದಿನ ಬಚ್ಚಲ ಮನೆಯ ಅಲ್ಯೂಮಿನಿಯಂ ಚೊಂಬು ತೆಗೆದುಕೊಂಡು ಹೊರಟೆ. ದೇವರ ಮನೆಯ ಹಿತ್ತಾಳೆ ಚೊಂಬು ಚಿಕ್ಕದು, ಕೈಗೆ ಹದವಾಗಿತ್ತು, ಆದರೂ ಮುಟ್ಟಲಿಲ್ಲ. ಅಷ್ಟು ಭಯಭಕ್ತಿ ನನಗಿದೆ. ಅದೇ ಪೊಲೀಸಿನವನು ಎದುರಿಗೆ ಬಂದ. ಚೊಂಬು ನೋಡಿದ. ಮುಖದಲ್ಲಿ ಕನಿಕರ ಕಂಡಿತು.

"ಈ ಕಡೆ ಬೇಡ ಸಾರ್, ಜನ ಓಡಾಡ್ತಾರೆ. ಆ ದಿಬ್ಬದ ಮೇಲೆ ಹೋಗಿ, ಗಿಡ ಇದೆ, ಗಾಳಿನೂ ಚೆನ್ನಾಗಿದೆ."

ಹೋದೆ. ನಂಬರ್ ಪ್ಲೇಟು ಅಷ್ಟು ನಿಚ್ಚಳವಾಗಿ ಕಾಣುವ ಜಾಗ ಆ ಹಳಿಯುದ್ದಕ್ಕೂ ಇನ್ನೊಂದಿಲ್ಲ.

ಮಂತ್ರಿಗಳ ಗೋತ್ರ

ರೈಲ್ವೆ ಬಜೆಟ್ ಬಂತೆಂದರೆ ನಮ್ಮ ಕಟ್ಟೆಗೆ ಜ್ವರ. ನಮ್ಮ ಹಳಿಗೆ ದುಡ್ಡು ಬಿಡುಗಡೆಯಾಗಿ ಬ್ರಾಡ್ ಗೇಜ್ ಆಗಬೇಕು ಎನ್ನುವುದು ಹೆಡ್ ಗುಮಾಸ್ತರ ವಾದ. "ದೇಶದ ಹಳಿಯೆಲ್ಲ ಅಗಲ ಆಗ್ತಾ ಇದೆ, ನಮ್ಮದು ಮಾತ್ರ ಲಾಡಿ ಥರ ಹಾಗೇ ಬಿದ್ದಿದೆ. ನಮ್ಮವರಿಗೆ ಕೇಳೋಕೇ ಬರಲ್ಲ." ಸೈಕಲ್ ಶಾಪಿನವರದು ಉಲ್ಟಾ. "ಅಗಲ ಆದ ದಿನ ಉಗಿ ಎಂಜಿನ್ ಗುಜರಿಗೆ ಹೋಗುತ್ತೆ. ಒಂದು ಕಾಸೂ ಬರೋದು ಬೇಡ ಗುರುಗಳೇ, ಹಳೇದೇ ಇರ್ಲಿ."

ಜಗಳ ಹತ್ತಿತು. ನಾನು ಮಧ್ಯ ಹೋಗಿ, ದೇವರಿಗೇ ಬಿಡೋಣ, ಮಂತ್ರಿಗಳ ಹೆಸರಿನಲ್ಲಿ ಒಂದು ಅರ್ಚನೆ ಮಾಡಿಸೋಣ ಎಂದೆ. ಅರ್ಚಕರು ತುಳಸಿ ಹಿಡಿದು ಕೇಳಿದರು: "ಮಂತ್ರಿಗಳ ಗೋತ್ರ?"

ಯಾರಿಗೂ ಗೊತ್ತಿಲ್ಲ.

"ಗೊತ್ತಿಲ್ಲದವರಿಗೆಲ್ಲ ಕಾಶ್ಯಪ. ನಕ್ಷತ್ರ?"

ಅದೂ ಗೊತ್ತಿಲ್ಲ. "ಇಷ್ಟು ತಿಳ್ಕೊಳ್ಳದೆ ಅವರ ಹತ್ರ ದುಡ್ಡು ಕೇಳೋಕೆ ಹೊರಟಿದೀರಲ್ಲ" ಎಂದು ಗೊಣಗುತ್ತಲೇ ಅರ್ಚಕರು ಅರ್ಚನೆ ಮುಗಿಸಿದರು.

ಬಜೆಟ್ಟಿನ ದಿನ ಸಂಜೆ ರೇಡಿಯೋದಲ್ಲಿ ವಾರ್ತೆ ಬಂತು. ನಮ್ಮ ಹಳಿಯ ಹೆಸರೇ ಇಲ್ಲ. ಹೆಡ್ ಗುಮಾಸ್ತರು ನೇರ ಗರ್ಭಗುಡಿಯ ಬಾಗಿಲಿಗೆ ಹೋಗಿ, "ಏನ್ರೀ ಇದು, ಅರ್ಚನೆ ಮುಟ್ಟಲಿಲ್ವಾ?" ಎಂದರು.

ಅರ್ಚಕರು ನಿಧಾನವಾಗಿ ದೀಪಕ್ಕೆ ಎಣ್ಣೆ ಹಾಕುತ್ತಾ ಹೇಳಿದರು. "ಸಂಕಲ್ಪದಲ್ಲಿ ಮಂತ್ರಿಗಳಿಗೆ ಕ್ಷೇಮ, ಸ್ಥೈರ್ಯ, ಆಯುರಾರೋಗ್ಯ ಅಂತ ಕೇಳಿದ್ವಿ. ಅವರು ಅಷ್ಟು ಹೊತ್ತು ನಿಂತು ಓದಿದ್ರೂ ಒಂದು ಸಲ ಕೆಮ್ಮಲಿಲ್ಲವಂತೆ. ಹಳಿ ವಿಷಯ ಸ್ವಾಮಿ ಹತ್ರ ಯಾರು ಎತ್ತಿದ್ರಿ?"

ಎಂಜಿನ್ನೇ ಪ್ರಧಾನ

ಅಷ್ಟರಲ್ಲಿ ಮೂರನೆಯ ಸಂಬಂಧ ಬಂತು. ಪಕ್ಕದ ಮನೆಯಾಕೆ ತಂದದ್ದು. ಅವರ ತಂಗಿ ಇರುವುದು ಕೆಂಗೇರಿಯಲ್ಲಿ, ಗಂಡಿನ ಮನೆಯೂ ಅದೇ ಬೀದಿ. ಹುಡುಗ ಮೈಸೂರು ರಸ್ತೆಯ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಜಾತಕ ಕೂಡಿತು. ಹೆಂಡತಿಗೆ ಹುಡುಗನ ಫೋಟೋ ಹಿಡಿಸಿತು. ನನಗೆ ಅವರ ಮನೆಯ ವಿಳಾಸ ಹಿಡಿಸಿತು: ಸ್ಟೇಷನ್ನಿನ ಹಿಂಭಾಗ. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ.

ಮುಂದುವರಿಯುವ ಮುಂಚೆ ಆಂಜನೇಯನ ಹತ್ತಿರ ಹೂ ಪ್ರಸಾದ ಕೇಳಬೇಕೆಂದಳು ಹೆಂಡತಿ. ಸ್ವಾಮಿಯ ಎರಡೂ ಭುಜದ ಮೇಲೆ ಒದ್ದೆ ಹೂ ಅಂಟಿಸುವುದು, ಬಲಗಡೆಯದು ಬಿದ್ದರೆ ಒಪ್ಪಿಗೆ. ಇಬ್ಬರೂ ಕೂತೆವು. ಅರ್ಚಕರು ಹೂವಿಟ್ಟು, ಹೊರಗೆ ಕಿವಿಗೊಟ್ಟು, ಮೆಲ್ಲಗೆ, "ಮೇಷ್ಟ್ರೇ, ಒಂದು ಹತ್ತು ನಿಮಿಷ ತಡೆದು ಕೇಳ್ಕೊಳ್ಳಿ" ಎಂದರು.

ಯಾಕೆಂದು ನನಗೆ ಗೊತ್ತು. ಯಶವಂತಪುರದಿಂದ ಗೂಡ್ಸ್ ಗಾಡಿ ಬರುವ ಹೊತ್ತು. ಅದು ಹಾದುಹೋದರೆ ಗುಡಿಯ ಗಂಟೆ ತಾನಾಗಿ ಹೊಡೆದುಕೊಳ್ಳುತ್ತದೆ, ಇನ್ನು ಹೂವಿನ ಪಾಡೇನು? ತಡೆಯಬೇಕಿತ್ತು. ಆದರೆ ಕೆಂಗೇರಿ ಸ್ಟೇಷನ್ ಕಣ್ಣ ಮುಂದೆ ಬಂತು. ಆ ಗೂಡ್ಸ್ ಗಾಡಿಯನ್ನು ಈ ಹೊತ್ತಿಗೆ ಕಳಿಸಿದವನೂ ಆ ಸ್ವಾಮಿಯೇ ಅಲ್ಲವೆ ಎಂದುಕೊಂಡು ಕಣ್ಣು ಮುಚ್ಚಿ ಬೇಡಿಕೊಂಡುಬಿಟ್ಟೆ.

ಗುಡಿ ನಡುಗಿತು. ಬಲಗಡೆಯ ಹೂ ಬಿತ್ತು. ಹಿಂದೆಯೇ ಎಡಗಡೆಯದು ಬಿತ್ತು. ಆಮೇಲೆ ತುಳಸಿ ಹಾರ ಒಂದು ಮಗ್ಗುಲಿಗೆ ಜಾರಿತು.

ಹೆಂಡತಿ ಗಾಬರಿಯಾದಳು. "ಎರಡೂ ಕಡೆ ಬಿತ್ತಲ್ಲ, ಇದಕ್ಕೇನರ್ಥ?"

ಅರ್ಚಕರು ನನ್ನ ಮುಖ ನೋಡಿದರು, ಸ್ವಾಮಿಯ ಮುಖ ನೋಡಿದರು. "ಬಲಗಡೆದು ಬಿದ್ದಿದ್ದು ಎಂಜಿನ್ನಿಗೆ ತಾಯಿ. ಎಡಗಡೆದು ಹಿಂದಿನ ಡಬ್ಬಿಗೆ. ಎಂಜಿನ್ನೇ ಪ್ರಧಾನ, ಮುಂದುವರೀರಿ."

ದಾಳಿಂಬೆ ಸಿಪ್ಪೆ

ಗಂಡಿನ ಮನೆಯವರು ಭಾನುವಾರ ಬರುವುದೆಂದು ಗೊತ್ತಾಯಿತು. ಆ ವಾರದಲ್ಲೇ ಒಂದು ಬೆಳಿಗ್ಗೆ, ನಾನು ಹಳಿಯಿಂದ ವಾಪಸು ಬರುವಾಗ ಪಕ್ಕದ ಮನೆಯಾಕೆ ಗೇಟಿನಲ್ಲಿ ತಡೆದು ಒಂದು ಪೊಟ್ಟಣ ಕೊಟ್ಟರು.

"ದಾಳಿಂಬೆ ಸಿಪ್ಪೆ ಮೇಷ್ಟ್ರೇ. ಒಣಗಿಸಿ ಪುಡಿ ಮಾಡಿದೀನಿ. ಮಜ್ಜಿಗೇಲಿ ಕದಡಿ ಕುಡೀರಿ, ನಿಲ್ಲುತ್ತೆ."

"ಏನು ನಿಲ್ಲುತ್ತೆ?"

ಆಕೆ ನನ್ನ ಚೊಂಬನ್ನು ನೋಡಿ ತಲೆ ತಗ್ಗಿಸಿದರು. ಹೆಂಡತಿಗೆ ಚೊಂಬಿನ ಗುಟ್ಟು ತಿಳಿದದ್ದು ಆಗಲೇ. ಮೂರು ತಿಂಗಳಿಂದ ನಾನು ಚೊಂಬು ಹಿಡಿದು ಹಳಿಯ ಕಡೆ ಹೋಗುವುದನ್ನು ಬೀದಿಗೆ ಬೀದಿಯೇ ನೋಡಿತ್ತು. ಮನೆಯಲ್ಲಿ ಕಕ್ಕಸು ಇಲ್ಲ ಎಂದು ಅರ್ಧ ಜನ, ಕಕ್ಕಸು ಇದ್ದರೂ ಸಾಲುತ್ತಿಲ್ಲ ಎಂದು ಇನ್ನರ್ಧ ಜನ ತೀರ್ಮಾನಕ್ಕೆ ಬಂದಿದ್ದರು. ಪಕ್ಕದ ಮನೆಯಾಕೆ ತಂಗಿಗೆ ಹೇಳಿದ್ದರು. ತಂಗಿ ಗಂಡಿನ ತಾಯಿಗೆ ಹೇಳಿದ್ದಳು.

"ಚೊಂಬು ಒಣಗಿದ್ದು ಹೋಗುತ್ತೆ, ಒಣಗಿದ್ದೇ ಬರುತ್ತೆ, ಅಂತ ನಾನೂ ಯೋಚಿಸ್ತಿದ್ದೆ" ಎಂದಳು ಹೆಂಡತಿ. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಗಟ್ಟಿ ಮನಸ್ಸು ಮಾಡಿದಳು. "ಭಾನುವಾರ ಅವರು ಕೇಳಿದ್ರೆ ಹೊಟ್ಟೆ ಅಂತಾನೇ ಒಪ್ಪಿಕೊಂಡುಬಿಡಿ. ಹೊಟ್ಟೆ ಅಂದ್ರೆ ಮರ್ಯಾದೆ ಇದೆ, ಎಲ್ಲರ ಮನೇಲೂ ಇರುತ್ತೆ."

"ಸುಳ್ಳು ಹೇಳಲೇನೇ?"

"ಬೇಡ. ಶನಿವಾರ ರಾಶಿ ಹಲಸಿನ ಹಣ್ಣು ತಿನ್ನಿ. ಭಾನುವಾರ ನಿಜಾನೇ ಆಗುತ್ತೆ."

ಕೆಂಗೇರಿಯವರು ಬಂದದ್ದು

ಶನಿವಾರ ನನಗೆ ಒಪ್ಪತ್ತು. ಹಲಸಿನ ಹಣ್ಣು ತಿನ್ನಲಿಲ್ಲ. ಭಾನುವಾರ ಬೆಳಿಗ್ಗೆ ಸ್ವಾಮಿಯ ಮುಂದೆ ನಿಂತು, "ನನ್ನ ಬಾಯಿಂದ ಆ ಪ್ರಶ್ನೆಗೆ ಉತ್ತರ ಬರೋ ಹಾಗೆ ಮಾಡ್ಬೇಡಪ್ಪಾ" ಎಂದು ಕೇಳಿಕೊಂಡೆ.

ಹುಡುಗ, ಅವನ ತಂದೆ, ತಾಯಿ, ಮೂವರೂ ಬಂದರು. ಹುಡುಗ ಮೃದು, ತಲೆ ಎತ್ತಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಬಂತು. ತಾಯಿ ತಟ್ಟೆ ಮುಟ್ಟದೆ, "ಸ್ವಲ್ಪ ಕೈಕಾಲು ತೊಳ್ಕೋಬೇಕಿತ್ತು" ಎಂದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಒಳಗಿನಿಂದ ಎರಡು ಸಲ ನೀರು ಬಿಟ್ಟ ಸದ್ದು ಕೇಳಿತು. ಬಂದು ಕೂತು, ಗಂಡನ ಕಡೆ ತಿರುಗಿ, "ಚೆನ್ನಾಗೇ ಇದೆ ರೀ, ನಮ್ಮನೆದಕ್ಕಿಂತ ದೊಡ್ಡದು" ಎಂದರು.

ಹಾಗಾದರೆ ಉಳಿದದ್ದು ಎರಡನೆಯ ಸಂಶಯ. ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳೀಬೇಡಿ ಮೇಷ್ಟ್ರೇ. ದಿನಾ ಬೆಳಿಗ್ಗೆ ನೀವು ಹಳಿ ಕಡೆ ಹೋಗ್ತೀರಂತೆ. ಮನೇಲೇ ಎಲ್ಲಾ ಅನುಕೂಲ ಇದೆ. ಮತ್ತೆ ಯಾತಕ್ಕೆ?"

ಹೆಂಡತಿ ಅಡುಗೆ ಮನೆಯ ಬಾಗಿಲಲ್ಲಿ ನಿಂತು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು. ಅವಳ ಹಿಂದೆ ಮಗಳು ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಒಂದು ಮಾತು, ಹೊಟ್ಟೆ ಎಂಬ ಒಂದು ಮಾತು ಆಡಿದ್ದರೆ ಆಗಿತ್ತು.

"ರೈಲು ನೋಡೋಕೆ" ಎಂದೆ.

"ರೈಲು ನೋಡೋಕೆ ಚೊಂಬು ಯಾಕೆ?"

ಅದನ್ನೂ ಹೇಳಿದೆ. ಪೊಲೀಸು, ದಿಬ್ಬ, ನೋಟ್ ಬುಕ್ಕು, ಎಲ್ಲ. ಹೇಳುತ್ತಾ ಹೇಳುತ್ತಾ ಉತ್ಸಾಹ ಬಂದು ಆ ವಾರ ಕಂಡ ಎರಡು ಎಂಜಿನ್ನುಗಳ ನಂಬರನ್ನೂ ಹೇಳಿಬಿಟ್ಟೆ. ಹೆಂಡತಿ ಬಾಗಿಲಿಗೆ ಒರಗಿದಳು.

ಹುಡುಗನ ತಾಯಿ ಗಂಡನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ಹೊಟ್ಟೆ ಆಗಿದ್ರೆ ಔಷಧಿ ಇತ್ತು." ಆಮೇಲೆ ನನ್ನ ಹೆಂಡತಿಯನ್ನು ನೋಡಿ, "ಒಂದು ಮಾತು ಕೇಳ್ತೀನಿ ತಾಯಿ, ನಿಜ ಹೇಳಿ. ನಮ್ಮನೆ ಸ್ಟೇಷನ್ ಹಿಂದೇನೇ ಇರೋದು. ಹುಡುಗಿಗೂ ಇದೆಯಾ ಇದು? ಗಾಡಿ ಬಂದಾಗೆಲ್ಲ ಒಲೆ ಮೇಲೆ ಹಾಲಿಟ್ಟು ಓಡೋ ಹಾಗಿದ್ರೆ ಈಗಲೇ ಹೇಳಿಬಿಡಿ" ಎಂದರು.

ಹೆಂಡತಿ ಬಾಯಿ ತೆರೆಯುವ ಮೊದಲೇ ಮಗಳು ಹೊರಗೆ ಬಂದಳು. ತಟ್ಟೆಯನ್ನು ಸ್ಟೂಲಿನ ಮೇಲಿಟ್ಟಳು. "ಆಂಟಿ, ನಂಗೆ ಬುದ್ಧಿ ಬಂದಾಗಿಂದ ರಜಾ ಬಂದ್ರೆ ಬೇರೆ ಮಕ್ಕಳು ಅಜ್ಜಿ ಮನೆಗೆ ಹೋಗ್ತಿದ್ರು. ನಮ್ಮಪ್ಪ ನನ್ನ ಅರಸೀಕೆರೆ ಜಂಕ್ಷನ್ನಿಗೆ ಕರ್ಕೊಂಡು ಹೋಗಿ ಪ್ಲಾಟ್‌ಫಾರಂ ಬೆಂಚಲ್ಲಿ ಕೂರಿಸ್ತಿದ್ರು. ಒಂದು ಸಲ ಊಟದ ಡಬ್ಬಿ ಬಿಚ್ಚಿದೀವಿ, ಮೇಲಿಂದ ಮಸಿ ಬಿತ್ತು. ಅಪ್ಪ ಕಣ್ಣಿಗೊತ್ತಿಕೊಂಡು, ಪ್ರಸಾದ, ತಿನ್ನು ಅಂದ್ರು."

ನಿಜವೇ. ಅಂದಿದ್ದೆ.

ಹುಡುಗನ ತಾಯಿ ಕನಿಕರದಿಂದ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಹುಡುಗನ ತಂದೆ, "ನಿಂಗೆ ನಮ್ಮ ಹುಡುಗನ್ನ ಏನಾದ್ರೂ ಕೇಳೋದಿದ್ರೆ ಕೇಳಮ್ಮಾ, ಸಂಕೋಚ ಬೇಡ" ಎಂದರು.

ಮಗಳು ಅವನನ್ನು ನೇರವಾಗಿ ನೋಡಿದಳು. "ಸ್ಟೇಷನ್ ಹಿಂದೇನೇ ಬೆಳೆದೋರು ನೀವು. ರೈಲು ನೋಡ್ತೀರಾ?"

ಹುಡುಗ ಮೊದಲ ಸಲ ತಲೆ ಎತ್ತಿದ. "ದಿನಾ ಅದರಲ್ಲೇ ಕೆಲಸಕ್ಕೆ ಹೋಗೋದು. ಹತ್ತೋಕೆ ಎಷ್ಟು ಬೇಕೋ ಅಷ್ಟು ನೋಡ್ತೀನಿ."

"ಅಮ್ಮಾ" ಎಂದಳು ಮಗಳು, ಅವನ ಮುಖದಿಂದ ಕಣ್ಣು ಕದಲಿಸದೆ. "ನಂಗೆ ಒಪ್ಪಿಗೆ."

ಹುಡುಗನ ತಾಯಿ ಆಮೇಲೆ ಕೇಸರಿಬಾತು ಎರಡು ಸಲ ಹಾಕಿಸಿಕೊಂಡರು. ಲಗ್ನ ನಿಶ್ಚಯವಾಯಿತು. ಸಂಜೆ ಗುಡಿಗೆ ಹೋಗಿ ಕೈಮುಗಿದು ನಿಂತಾಗ ಅರ್ಚಕರು ಹೇಳಿದ ಮಾತು ಇಂದಿಗೂ ನನ್ನ ಭಕ್ತಿಯನ್ನು ಸ್ವಲ್ಪ ಹದದಲ್ಲಿಟ್ಟಿದೆ. "ನಿಮ್ಮ ಮಗಳು ಎರಡು ವರ್ಷದಿಂದ ಪ್ರತಿ ಮಂಗಳವಾರ ಇಲ್ಲಿಗೆ ಬಂದು ಒಂದೇ ವರ ಕೇಳ್ತಿದ್ಲು ಮೇಷ್ಟ್ರೇ: ನಮ್ಮಪ್ಪನ ಥರ ಇರೋನು ಮಾತ್ರ ಬೇಡಪ್ಪಾ ಅಂತ. ಪಾಪ, ಸ್ವಾಮಿಗೆ ಅದರಲ್ಲೇನೂ ಕಷ್ಟ ಆಗಲಿಲ್ಲ. ನಿಮ್ಮ ಥರ ಇನ್ನೊಬ್ಬನ್ನ ಹುಡುಕು ಅಂದಿದ್ರೆ ತಾನೇ ತೊಂದರೆ."