ನೂರು ವರ್ಷ ಆಡಿದ ಆಂಡರ್ಸನ್

ಸ್ವೀಡನ್ ದೇಶದ ಒಂದು ಫುಟ್‌ಬಾಲ್ ಕ್ಲಬ್ಬಿನ ನೂರು ವರ್ಷದ ದಾಖಲೆಯನ್ನು ನಾನು ಒಂದೇ ದಿನದಲ್ಲಿ ಹಾಳು ಮಾಡಿದೆ. ಅರ್ಧ ಊಟಕ್ಕೆ ಮುಂಚೆ, ಉಳಿದರ್ಧ ಊಟ ಆದ ಮೇಲೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರ ಸಹಾಯವನ್ನೂ ನಾನು ಪಡೆಯಲಿಲ್ಲ. ಆದ್ದರಿಂದ ಈ ಕೀರ್ತಿಯಲ್ಲಿ ಬೇರೆಯವರಿಗೆ ಪಾಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೈದರಾಬಾದಿನಲ್ಲಿ ಆಗ ಐಟಿಯ ಸುಗ್ಗಿ. ನಾಲ್ಕು ಕಂಪ್ಯೂಟರ್, ಒಂದು ಏಸಿ ಇದ್ದರೆ ಅದು ಸಾಫ್ಟ್‌ವೇರ್ ಕಂಪನಿ. ಏಸಿ ಕೆಟ್ಟಿದ್ದರೆ ಬೆಳೆಯುತ್ತಿರುವ ಸಾಫ್ಟ್‌ವೇರ್ ಕಂಪನಿ. ನಮ್ಮದು ಕೂಕಟ್‌ಪಲ್ಲಿಯಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲೆ ಬೆಳೆಯುತ್ತಿತ್ತು. ಊರವರ, ಹೊರದೇಶದವರ ಹಳೆಯ ಕಾಗದಪತ್ರ ನೋಡಿಕೊಂಡು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಮಲ್ಕಾಜ್‌ಗಿರಿಯಲ್ಲಿದ್ದ, ರೈಲ್ವೆ ನೌಕರಿಯ ನಮ್ಮಣ್ಣನ ಮನೆಯಿಂದ ನಾನು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗುತ್ತಿದ್ದೆ. ಆರು ತಿಂಗಳ ಪ್ರೊಬೇಷನ್ ಮುಗಿಯಲು ಇನ್ನೊಂದೇ ವಾರ. ಕಾಯಂ ಆದರೆ ಕೊರಳಿಗೆ ನೀಲಿ ಪಟ್ಟಿಯ ಕಾರ್ಡು. ಆಗದಿದ್ದರೆ ಕೋಠಿಯಲ್ಲಿ ಸೋದರಮಾವನ ಸೀರೆ ಅಂಗಡಿ. ನಲವತ್ತು ಸೀರೆ ಬಿಚ್ಚಿಸಿ ನೋಡಿ ‘ಮತ್ತ ಬರ್ತೀವಿ’ ಎಂದು ಹೆಂಗಸರು ಎದ್ದುಹೋದ ಮೇಲೆ ಕೂತು ಅವನ್ನು ಮಡಚುವ ಹುದ್ದೆ ಅಲ್ಲಿ ನನಗಾಗಿಯೇ ಖಾಲಿ ಇತ್ತು. ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ‘ನಮ್ಮ ಮೈದುನ ಕಾಯಂ ಆದ’ ಎಂದು ಆಗಲೇ ರೈಲ್ವೆ ಕ್ವಾರ್ಟರ್ಸ್ ತುಂಬ ಸಾರಿಬಿಟ್ಟಿದ್ದರು.

ನನಗೆ ಬರುವ ವಿದ್ಯೆ ಒಂದೇ, ಮಂದಿಯ ದನಿಯನ್ನು ಅವರ ಹಾಗೇ ತೆಗೆಯುವುದು. ಮ್ಯಾನೇಜರ್ ಪಾಟೀಲ ಸರ್ ಬೀದರ್ ಕಡೆಯವರು. ಮಾತಾಡುವ ಮುಂಚೆ ಗಂಟಲಲ್ಲಿ ಒಂದು ಲಾರಿ ಸ್ಟಾರ್ಟ್ ಮಾಡುತ್ತಿದ್ದರು. ಚಳಿಗಾಲದಲ್ಲಿ ಅದು ಎರಡು ಮೂರು ಸಲ ಕೆಮ್ಮಿ ಹೊರಡುತ್ತಿತ್ತು. ಆ ಲಾರಿಯನ್ನು ನಾನು ಅವರಿಗಿಂತ ಸಲೀಸಾಗಿ ಓಡಿಸುತ್ತಿದ್ದೆ. ಇಂಟರ್‌ವ್ಯೂದಲ್ಲಿ ನಡುಗಿದ ನನ್ನ ದನಿಯನ್ನೂ ಮಾಡಿ ತೋರಿಸುತ್ತಿದ್ದೆ. ನಗುವವರು ಅದಕ್ಕೇ ಹೆಚ್ಚು ನಗುತ್ತಿದ್ದರು.

ಸ್ವೀಡನ್ನಿನ ಹಾಳೆಗಳು ಬಂದ ದಿನ, ಫುಟ್‌ಬಾಲ್ ಯಾರಿಗೆ ಗೊತ್ತು ಎಂದು ಪಾಟೀಲ ಸರ್ ಕೇಳಿದರು. ನಾನು ಕೈ ಎತ್ತಿದೆ. ಕ್ರಿಕೆಟ್ ಚೆಂಡಿಗಿಂತ ಅದರ ಚೆಂಡು ದೊಡ್ಡದು ಎಂಬಷ್ಟು ಪಾಂಡಿತ್ಯ ನನಗಿತ್ತು. ಕ್ಲಬ್ಬಿಗೆ ನೂರು ವರ್ಷ ತುಂಬುವುದಿತ್ತು. ಯಾರು ಎಷ್ಟು ಪಂದ್ಯ ಆಡಿದರು, ಎಷ್ಟು ಗೋಲು ಹೊಡೆದರು, ಯಾರು ಎಲ್ಲರಿಗಿಂತ ಕಿರಿಯ, ಯಾರು ಹಿರಿಯ, ಇದೆಲ್ಲ ಒಂದು ಪುಸ್ತಕವಾಗಿ ಅಚ್ಚಾಗಬೇಕಿತ್ತು. ಕೆಲಸ ನನಗೆ ಒಪ್ಪಿಸಿ ಪಾಟೀಲ ಸರ್ ಮಗಳ ನಿಶ್ಚಯಕ್ಕೆಂದು ಊರಿಗೆ ಹೊರಟರು. ತಾವು ಬಂದು ನೋಡುವ ತನಕ ಏನೂ ಕಳಿಸಬಾರದು ಎಂದು ಮೆಟ್ಟಿಲಿಳಿಯುತ್ತ ಎರಡು ಸಲ ಹೇಳಿದರು.

ಇಲ್ಲಿ ಒಂದು ಹಿಂದಿನ ಪಾಪ ಹೇಳಬೇಕು. ಇದಕ್ಕೂ ಮುಂಚೆ ನಾವು ಮಾಡಿದ್ದು ಅಡುಗೆ ಗ್ಯಾಸಿನ ಗಿರಾಕಿಗಳ ಪಟ್ಟಿ. ಅದರಲ್ಲಿ ಒಂದೇ ಹೆಸರು ಎರಡು ಕಡೆ ಕಂಡರೆ ಬೋಗಸ್ ಕನೆಕ್ಷನ್; ಎರಡನ್ನೂ ಸೇರಿಸಿ ಒಂದು ಮಾಡಬೇಕು. ಆ ಕೆಲಸದಲ್ಲಿ ನನಗೆ ಶಹಬ್ಬಾಸ್‌ಗಿರಿ ಸಿಕ್ಕಿತ್ತು. ಶಹಬ್ಬಾಸ್‌ಗಿರಿ ಸಿಕ್ಕ ಕೈ ಸುಮ್ಮನಿರುವುದಿಲ್ಲ.

ಸ್ವೀಡನ್ನಿನ ಹಾಳೆಗಳಲ್ಲಿ ಹೆಸರಿನ ಮೊದಲಕ್ಷರ ಮತ್ತು ಮನೆತನದ ಹೆಸರು ಮಾತ್ರ ಇತ್ತು. ಯಾವ ಕಾಲದ ಹಾಳೆ ತೆಗೆದರೂ ಕೆ. ಆಂಡರ್ಸನ್. ನಾನು ಮನದಲ್ಲೇ ನಕ್ಕೆ. ಬೋಗಸ್ ಮಂದಿ ಆ ದೇಶದಲ್ಲೂ ಇದ್ದಾರೆ! ಎಲ್ಲ ಆಂಡರ್ಸನ್ನರನ್ನೂ ಹುಡುಕಿ ಹುಡುಕಿ ಒಂದು ಮಾಡಿದೆ.

ಹಾಗೆ ಹುಟ್ಟಿದ ಮಹಾಪುರುಷನನ್ನು ನೋಡಿ ನನಗೇ ರೋಮಾಂಚನವಾಯಿತು. ಅತಿ ಹೆಚ್ಚು ಪಂದ್ಯ ಅವನದು, ಅತಿ ಹೆಚ್ಚು ಗೋಲು ಅವನದು. ಗೋಲು ತಡೆಯುವವನೂ ಅವನೇ. ಕ್ಲಬ್ಬಿನ ಅತಿ ಕಿರಿಯ ಆಟಗಾರ ಅವನು, ಅತಿ ಹಿರಿಯನೂ ಅವನು. ಎರಡು ಮಹಾಯುದ್ಧಗಳು ಬಂದು ಹೋದವು, ಅವನು ಮಾತ್ರ ಮೈದಾನ ಬಿಡಲಿಲ್ಲ. ಒಂದು ಪಂದ್ಯದಲ್ಲಂತೂ ಕೆ. ಆಂಡರ್ಸನ್ನನ ಕಾಲು ಉಳುಕಿದೆ. ಅವನ ಬದಲಿಗೆ ಕೆ. ಆಂಡರ್ಸನ್ನನೇ ಆಡಲು ಇಳಿದಿದ್ದಾನೆ. ಇಲ್ಲಿ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಗೌರವ ಬಂತು.

ಪಕ್ಕದ ಕುರ್ಚಿಯ ರಫೀಕ್ ಬಗ್ಗಿ ನೋಡಿದ. “ಕ್ಯಾ ಮಿಯಾ, ಇನೋ ಆದ್ಮಿ ಹೈ ಕಿ ಚಾರ್‌ಮಿನಾರ್?” ಎಂದ. ಇವನು ಮನುಷ್ಯನೋ ಚಾರ್‌ಮಿನಾರೋ ಎಂಬ ಆ ಮಾತನ್ನು ನಾನು ಹೊಗಳಿಕೆ ಎಂದುಕೊಂಡು, ‘ಜಗತ್ತು ಮರೆತ ವೀರನೊಬ್ಬನನ್ನು ನಮ್ಮ ಕಂಪನಿ ಪತ್ತೆ ಹಚ್ಚಿದೆ’ ಎಂದು ಮೇಲೊಂದು ಟಿಪ್ಪಣಿ ಬರೆದೆ. ಸರ್ ಬರುವ ಮೊದಲೇ ಕೆಲಸ ಮುಗಿದಿದೆ ಎಂದು ತಿಳಿದರೆ ಕಾರ್ಡು ಎರಡು ದಿನ ಮುಂಚೆಯೇ ಕೊರಳಿಗೆ ಬಂದೀತು ಎಂದು ಎಲ್ಲವನ್ನೂ ಸ್ವೀಡನ್ನಿಗೆ ಕಳಿಸಿಬಿಟ್ಟೆ.

ಸಂಜೆ ವೈನಿ ರೊಟ್ಟಿ ಬಡಿಯುತ್ತಿದ್ದಾಗ ಆಂಡರ್ಸನ್ನನ ಪ್ರತಾಪವನ್ನು ರೇಡಿಯೋದವರ ದನಿಯಲ್ಲಿ ವರ್ಣಿಸಿದೆ. ಅಜ್ಜ ಆಗುವ ತನಕ ಒಬ್ಬನೇ ಹೇಗೆ ಆಡಿದ ಎಂದು ಅವರು ಕೇಳಿದರು. ಥಂಡಿ ದೇಶ, ಫ್ರಿಜ್‌ನಲ್ಲಿಟ್ಟ ಹಾಗೆ ಮನುಷ್ಯ ಕೆಡುವುದಿಲ್ಲ ಎಂದು ವಿವರಿಸಿದೆ.

ವೈನಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ಶರಣು, ನಿಮ್ಮ ಮನಿತನದಾಗ ಶರಣಪ್ಪ ಅನ್ನವ್ರು ಎಷ್ಟ ಮಂದಿ ಅದೀರಿ?”

ಮೂವರು. ಅಜ್ಜನ ಹೆಸರನ್ನು ಯಾವ ಮಗನೂ ಬಿಟ್ಟುಕೊಡದೆ ದೊಡ್ಡಪ್ಪನ ಮನೆಯಲ್ಲೊಬ್ಬ, ಕಾಕಾನ ಮನೆಯಲ್ಲೊಬ್ಬ, ಇಲ್ಲಿ ನಾನು. ಒಂದೇ ಶಾಲೆ ಬೇರೆ. ಕಾಕಾನ ಮಗ ನಪಾಸಾದಾಗ ಅಪ್ಪನ ಕೈಯಲ್ಲಿ ಪೆಟ್ಟು ತಿಂದವನು ನಾನು. ಇಷ್ಟು ಅನುಭವವಿದ್ದರೂ, ಅಂಥದ್ದೆಲ್ಲ ನಮ್ಮಲ್ಲಿ, ಮುಂದುವರಿದ ದೇಶದಲ್ಲಿ ಅಜ್ಜನ ಹೆಸರಿಗೆ ಯಾರು ಕಚ್ಚಾಡುತ್ತಾರೆ ಎಂದು ವಾದಿಸಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಮರುದಿನ ಪಾಟೀಲ ಸರ್ ಮೇಜಿನ ಫೋನು ಬಡಿದುಕೊಂಡಿತು. ಎತ್ತಿದರೆ ಸ್ವೀಡನ್. ಪ್ರೊಬೇಷನ್ ಹುಡುಗ ಕಳಿಸಿದ್ದೆಂದು ತಿಳಿದರೆ ಕಂಪನಿಯ ಮರ್ಯಾದೆ ಹೋದೀತು. ಕಂಪನಿಯ ಮರ್ಯಾದೆ ಉಳಿಸಲು ನಾನು ಗಂಟಲಲ್ಲಿ ಲಾರಿ ಸ್ಟಾರ್ಟ್ ಮಾಡಿ, ಪಾಟೀಲ್ ಸ್ಪೀಕಿಂಗ್ ಎಂದೆ.

ಆ ಕಡೆ ಒಬ್ಬ ಮುದುಕರು. ಕ್ಲಬ್ಬಿನ ದಾಖಲೆಗಳನ್ನು ವರ್ಷಗಟ್ಟಲೆ ಕೈಯಲ್ಲಿ ಬರೆದಿಟ್ಟವರು. ನಿಧಾನದ, ಸೌಮ್ಯವಾದ ಇಂಗ್ಲಿಷಿನಲ್ಲಿ ಮೊದಲು ಥ್ಯಾಂಕ್ಸ್ ಹೇಳಿದರು. ಆಮೇಲೆ, ನೀವು ಪತ್ತೆ ಹಚ್ಚಿದ ವೀರ ಒಬ್ಬನಲ್ಲ ಎಂದರು. ಗೋಲು ತಡೆದವರು ಅವರ ಅಜ್ಜ. ಗೋಲು ಹೊಡೆದವರು ಅಪ್ಪ. ಕಾಲು ಉಳುಕಿದ್ದು ದೊಡ್ಡಪ್ಪನ ಮಗನದು. ಅವನ ಬದಲಿಗೆ, ಆಟ ಮುಗಿಯುವ ಹೊತ್ತಿಗೆ, ಮೈದಾನಕ್ಕೆ ಇಳಿದವರು ಸ್ವತಃ ಅವರು. ಚೆಂಡು ಒಂದೇ ಸಲ ಕಾಲಿಗೆ ತಗಲಿತಂತೆ, ಅದೂ ತಪ್ಪಿ. ಆಮೇಲೆ ಯಾರೂ ಅವರನ್ನು ಆಡಲು ಕರೆಯಲಿಲ್ಲ.

“ಈ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಕಡಿಮೆ ಹೊತ್ತು ಆಡಿದ ದಾಖಲೆ ನನ್ನದು ಮಿಸ್ಟರ್ ಪಾಟೀಲ್,” ಎಂದರು. “ನನ್ನ ಹೆಸರಿನಲ್ಲಿರುವುದು ಅದೊಂದೇ. ನಿಮ್ಮ ಪಟ್ಟಿಯಲ್ಲಿ ಅದು ಕಾಣುತ್ತಿಲ್ಲ.”

ತಪ್ಪು ನನ್ನದು ಎಂದು ಹೇಳಲು ಬಾಯಿ ತೆಗೆದೆ. ಆದರೆ ಲಾರಿ ಹೊರಟುಬಿಟ್ಟಿತ್ತು, ಬ್ರೇಕು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಸೋಮವಾರದೊಳಗೆ ಪ್ರತಿ ಆಂಡರ್ಸನ್ನನನ್ನೂ ಬೇರೆ ಬೇರೆ ಮಾಡಿ ಕಳಿಸುತ್ತೇನೆ ಎಂದೆ. ಬರಿ ಆಂಡರ್ಸನ್ ಅಲ್ಲ, ನೂರು ವರ್ಷದ ಒಂದೊಂದು ಹಾಳೆಯನ್ನೂ ಮತ್ತೆ ಮೊದಲಿನಿಂದ ತಾಳೆ ನೋಡುತ್ತೇವೆ ಎಂದೆ. ಶನಿವಾರ, ರವಿವಾರ ಎರಡೂ ದಿನ ಮ್ಯಾನೇಜರನಾದ ನಾನೇ ಖುದ್ದಾಗಿ ಕೂಡುತ್ತೇನೆ ಎಂದೆ. ಮುದುಕರ ದನಿ ಹಗುರಾಯಿತು. ತಪ್ಪು ಮಾಡಿದವರು ಯಾರೇ ಆಗಲಿ, ಅವರಿಗೆ ಶಿಕ್ಷೆ ಕೊಡಬೇಡಿ ಎಂದು ಅವರೇ ಬೇಡಿಕೊಂಡರು.

ಅಲ್ಲಿಗೆ ಫೋನ್ ಇಟ್ಟಿದ್ದರೆ ಬಚಾವಾಗುತ್ತಿದ್ದೆ. ಶಿಕ್ಷೆಯ ಮಾತೇ ಇಲ್ಲ, ಹುಡುಗ ಬಹಳ ಬುದ್ಧಿವಂತ, ಈ ವಾರವೇ ಅವನನ್ನು ಕಾಯಂ ಮಾಡುತ್ತಿದ್ದೇನೆ ಎಂದು ಪಾಟೀಲರ ದನಿಯಲ್ಲಿ ಭರವಸೆ ಕೊಟ್ಟು, ಸಂತೋಷಕ್ಕೆ ಕೊನೆಯಲ್ಲೊಂದು ಕೆಮ್ಮು ಸೇರಿಸಿ ಫೋನ್ ಇಟ್ಟೆ.

ತಲೆ ಎತ್ತಿ ನೋಡಿದೆ. ರಫೀಕ್ ತನ್ನ ಕೀಬೋರ್ಡಿನೊಳಗೆ ಇಳಿದುಹೋಗಲು ಯತ್ನಿಸುತ್ತಿದ್ದ. ಬಾಗಿಲಲ್ಲಿ ಪಾಟೀಲ ಸರ್, ಕೈಯಲ್ಲಿ ಪೇಡೆಯ ಡಬ್ಬಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ! ಡಬ್ಬಿಯ ದಾರ ಬಿಚ್ಚಿಯಾಗಿತ್ತು.

ಅವರು ಬೈಯಲಿಲ್ಲ. ಎಲ್ಲರಿಗೂ ಪೇಡೆ ಹಂಚಿದರು, ನನಗೂ ಒಂದು ಕೊಟ್ಟರು. ನನ್ನ ಟಿಪ್ಪಣಿಯನ್ನು ಪೂರ್ತಿ ಓದಿದರು. ತಮ್ಮ ಬಾಯಿಂದ ಹೋದ ಮಾತು, ಉಳಿಸಿಕೊಳ್ಳಲೇಬೇಕು ಎಂದರು. ಶನಿವಾರ, ರವಿವಾರ ನೀನು ಕೂಡಬೇಕು, ಮೊದಲು ಆ ಮುದುಕರ ದಾಖಲೆ ಹಾಕಬೇಕು ಎಂದರು. ಲಾರಿ ಸ್ಟಾರ್ಟ್ ಮಾಡದೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪೇಡೆ ತಿಂದು ಮುಗಿಸಿದೆ. ನನ್ನದೇ ದನಿಯಲ್ಲಿ, ಅಂದರೆ ಇಂಟರ್‌ವ್ಯೂದ ದನಿಯಲ್ಲಿ ಕೇಳಿದೆ: “ಸರ್, ಕಾಯಂ ಆತೇನು ಅಂತ ಮನ್ಯಾಗ ವೈನಿ ಕೇಳ್ತಾರ್ರಿ. ಏನಂತ ಹೇಳ್ಲಿರಿ?”

ಪಾಟೀಲ ಸರ್ ಫೋನನ್ನು ನನ್ನ ಕಡೆ ತಳ್ಳಿದರು.

“ಪ್ರೊಬೇಷನ್ ಇನ್ನೂ ಆರು ತಿಂಗಳು ಐತಿ ಅಂತ ಹೇಳು. ನನ್ನ ದನಿಲೇ ಹೇಳು, ನಿನ್ನ ದನಿಲೇ ಹೇಳಿದ್ರ ಅವ್ರು ನಂಬಾಂಗಿಲ್ಲ.”