ಮೂತಿಯಲ್ಲಿ ಬೆಲ್ಲ, ಮೋಡದಲ್ಲಿ ಹದ್ದು

ಗ್ಲೈಡರ್ ಹಾರಿಸುವವರ ಬಾಳಿನಲ್ಲಿ ನಗೆಗೇನೂ ಬರವಿಲ್ಲ. ಆದರೆ ನಗುವವರು ನೋಡಲು ಬಂದವರು. ಆ ಹೊತ್ತಿಗೆ ನಾವು ಮುರಿದ ರೆಕ್ಕೆ ಆರಿಸುತ್ತಿರುತ್ತೇವೆ.

ನಾವು ಅಂದರೆ ಇಬ್ಬರೇ. ನಾನು ಬನಹಟ್ಟಿಯಲ್ಲಿ ಪವರ್‌ಲೂಮ್ ಇಟ್ಟುಕೊಂಡವನು. ಇನ್ನೊಬ್ಬ ಜಮಖಂಡಿಯ ನಿವೃತ್ತ ಡ್ರಾಯಿಂಗ್ ಮಾಸ್ತರ. ಊರಿಗೆಲ್ಲ ಅವನು ಮಾಸ್ತರು, ಒಂದೇ ಬೆಂಚಿನಲ್ಲಿ ಕೂತು ಕಲಿತ ನನಗೆ ಬರೀ ‘ಲೇ’. ನಮ್ಮ ಗ್ಲೈಡರ್ ಅಂದರೆ ಆಟದ ವಿಮಾನ, ಅದಕ್ಕೆ ಎಂಜಿನ್ ಇಲ್ಲ. ಉದ್ದನೆಯ ರಬ್ಬರ್ ಹಗ್ಗ ಜಗ್ಗಿ ಬಿಟ್ಟರೆ ಮೇಲೆ ಹೋಗುತ್ತದೆ. ಆಮೇಲೆ ಬಿಸಿಗಾಳಿ ಹುಡುಕಿ, ರಿಮೋಟಿನಿಂದ ತಿರುಗಿಸುತ್ತ ಅದನ್ನು ಮೇಲೆಯೇ ಉಳಿಸಬೇಕು. ಇದಕ್ಕೆ ಮುಖ್ಯವಾಗಿ ಬೇಕಾದದ್ದು ಕಣ್ಣು. ಮಾಸ್ತರನ ಸಕ್ಕರೆ ಕಾಯಿಲೆ ಕಣ್ಣಿಗೇ ಇಳಿದಿತ್ತು.

ಹೋದ ಚಳಿಗಾಲದ ಸ್ಪರ್ಧೆಗೆ ತಯಾರಿ ಶುರು ಮಾಡಿದ ದಿನವೇ ಅವನು ಹೇಳಿಬಿಟ್ಟ: “ಇದ ನಂದು ಕಡೀದು. ಅಲ್ಲಿಗೆ ಹೋಗೂ ಮುಂಚೆ ಕಡೀಕ ಒಮ್ಮಿ ಹಾರಿಸಿ ನೋಡ್ತೀನಿ. ಕಂಡ್ರ ಸ್ಪರ್ಧೆಕ್ಕ ನಾನ ನಿಲ್ತೀನಿ. ಕಾಣ್ಲಿಲ್ಲಂದ್ರ ರಿಮೋಟು ನಿನ್ನ ಕೊಳ್ಳಾಗ.”

ನಾನು ಹಾರಿಸಿದ ಗ್ಲೈಡರ್ ಅಲ್ಲಿಯವರೆಗೆ ಒಂದು ಬೇವಿನ ಗಿಡವನ್ನೂ ತಪ್ಪಿಸಿದ್ದಿಲ್ಲ.

ಇರುವೆ

ಗ್ಲೈಡರಿನ ಮೂತಿಗೆ ತಕ್ಕಷ್ಟು ಭಾರ ಇಡಬೇಕು. ಇಲ್ಲದಿದ್ದರೆ ಅದು ಮೂತಿ ಎತ್ತಿ, ತಡವರಿಸಿ, ಬೀಳುತ್ತದೆ. ಮುಧೋಳದ ಹತ್ತಿರ ಪರಿಚಯದವರ ಬೆಲ್ಲದ ಗಾಣದ ಪಕ್ಕ ಹಾರಿಸಲು ಹೋದಾಗ ಸೀಸದ ತುಂಡು ಮನೆಯಲ್ಲೇ ಉಳಿದಿತ್ತು.

“ಬೆಲ್ಲ ಇಡೂಣು,” ಅಂದ ಮಾಸ್ತರ. ಗಾಣದವರು ಕೊಟ್ಟ ಬೆಲ್ಲದ ಉಂಡೆಯನ್ನು ಕಾಗದದಲ್ಲಿ ಸುತ್ತಿ ಮೂತಿಯೊಳಗೆ ತುರುಕಿದೆವು. ಮುಂಜಾನೆಯೆಲ್ಲ ಸೊಗಸಾಗಿ ಹಾರಿತು. ನಾನು ಊಟ ಮುಗಿಸಿ, ಕೈ ತೊಳೆದು ಬಂದು ಮತ್ತೆ ಹಾರಿಸಿದರೆ, ಮೂತಿ ಎತ್ತಿ ಲಾಗ ಹಾಕಿ ಕಬ್ಬಿನ ಸಿಪ್ಪೆಯ ರಾಶಿಗೆ ಬಿತ್ತು. ಬಿಚ್ಚಿ ನೋಡಿದರೆ ಒಳಗೆ ಬರೀ ಕಾಗದ.

“ಇರುವಿ ತಿಂದಾವ,” ಅಂದ ಮಾಸ್ತರ.

“ಆ ಇರುವಿ ಮೀಸ್ಯಾಗ ಇನ್ನೂ ಒಂಚೂರು ಉಳದೈತಿ, ಒರಸ್ಕೊಳ್ಳಾಕ ಹೇಳು,” ಅಂದೆ.

ನನಗೆ ಖರೇನೇ ಸಿಟ್ಟು ಬಂದಿತ್ತು. ಡಾಕ್ಟರು ಕೈ ಮುಗಿದು ಬೇಡ ಅಂದಿದ್ದನ್ನೇ ಕದ್ದು ತಿಂದರೆ ಏನು ಹೇಳುವುದು? ಮಾಸ್ತರ ನಿಧಾನವಾಗಿ ಮೀಸೆ ಒರೆಸಿಕೊಂಡ.

“ಕಣ್ಣ ಹೆಂಗೂ ಹೋಗಾಕತ್ತಾವ. ಬೆಲ್ಲಾನೂ ಹೋಗ್ಬೇಕೇನಲೇ?”

ಸರ್ವೇದವರು

ಬೀಳಗಿ ತಾಲೂಕಿನ ಗಲಗಲಿ ಕಡೆ ಹೊಳೆದಂಡೆಯಲ್ಲಿ ಒಳ್ಳೆಯ ಬಯಲಿದೆ. ಅಲ್ಲಿ ಗಾಳಿಯ ದಿಕ್ಕು ನೋಡಲು ಒಂದು ಬಾವುಟ ನೆಟ್ಟು, ಗೂಟ ಬಡಿದು, ಹಗ್ಗ ಹಾಸಿದೆವು. ಗೂಟ, ಬಾವುಟ ಕಂಡರೆ ಆ ಭಾಗದವರಿಗೆ ಒಂದೇ ಅರ್ಥ: ಅಣೆಕಟ್ಟಿನ ಹಿನ್ನೀರು ಎಲ್ಲಿಯವರೆಗೆ ಬರುತ್ತದೆಂದು ಗುರುತು ಹಾಕಲು ಸರ್ವೇದವರು ಬಂದಿದ್ದಾರೆ.

ಒಬ್ಬ ಅಜ್ಜ ಚಹಾ ಹಿಡಿದುಕೊಂಡೇ ಬಂದ. “ಸಾಹೇಬ್ರ, ನಮ್ಮನಿ ನೀರಿನ ಒಳಗೋ, ಹೊರಗೋ?”

“ಅಜ್ಜಾರ, ನಾವು ಆಟದ ವಿಮಾನ ಹಾರಸಾಕ ಬಂದೀವ್ರಿ.”

“ಹೋದ ಸಲ ಬಂದವ್ರೂ ಏನೋ ಹಾರಿಸಿ, ಬರೇ ನೋಡಾಕ ಬಂದೀವಿ ಅಂದಿದ್ರು.”

ಎಷ್ಟು ಹೇಳಿದರೂ ಅಜ್ಜ ನಂಬಲಿಲ್ಲ. ಅವನಿಗೆ ಹೆದರಿಕೆ, ನಮಗೆ ಸಂಕಟ. ಕೊನೆಗೆ ಮಾಸ್ತರ ತಡೆಯಲಾರದೆ, “ನಿಮ್ಮ ಮನಿ ಹೊರಗ ಐತ್ರಿ ಅಜ್ಜಾರ, ಚಿಂತಿ ಬ್ಯಾಡ್ರಿ,” ಅಂದುಬಿಟ್ಟ.

ಅಜ್ಜನ ಮುಖ ಅರಳಿತು. ಹತ್ತಿರ ಬಂದು ದನಿ ತಗ್ಗಿಸಿದ: “ಪಕ್ಕದ್ದು ನನ್ನ ತಮ್ಮನ ಮನಿ. ಬಾವುಟ ಎರಡೂ ಮನಿ ನಡುವ ನೆಡ್ರಿ, ಅದೊಂದು ಒಳಗ ಬರ್ಲಿ.”

ಮುಧೋಳದ ನಾಯಿ

ಮಾಸ್ತರನಿಗೆ ಚೆನ್ನಾಗಿ ಕಾಣಲಿ ಅಂತ ರೆಕ್ಕೆಗಳಿಗೆ ನನ್ನ ಮಗ್ಗದ್ದೇ ಕೆಂಪು ಸೀರೆಯ ಬಟ್ಟೆ ಅಂಟಿಸಿದೆ. ಅದನ್ನು ಮುಧೋಳದಲ್ಲಿ ಹಾರಿಸಿದ ದಿನ ಒಬ್ಬ ರೈತನ ಬೇಟೆನಾಯಿ ಬಂದು ಕೂತಿತು. ಈ ತಳಿ ಮೂಸುವುದಕ್ಕಿಂತ ನೋಡಿಯೇ ಬೇಟೆಯಾಡುತ್ತದೆ. ಗ್ಲೈಡರ್ ಎಡಕ್ಕೆ ಹೋದರೆ ಅದರ ಕತ್ತು ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಮಾಸ್ತರ ಮಾತ್ರ ಕಣ್ಣು ಕಿರಿದು ಮಾಡಿ, “ಎಲ್ಲೈತಲೇ? ಎಲ್ಲೈತಿ?” ಎಂದು ನನ್ನನ್ನು ಕೇಳುತ್ತಲೇ ಇದ್ದ. ಹೇಗೋ ಇಳಿಸಿದ ಮೇಲೆ ನಾಯಿಯ ತಲೆ ಸವರಿದ.

“ಸ್ಪರ್ಧೆಕ್ಕ ಇದರ ಹೆಸರ ಕೊಟ್ಟು ಬಾ. ನಾ ಗೂಟ ಬಡೀತೀನಿ.”

ಹದ್ದು

ಸ್ಪರ್ಧೆಗೆ ಹೋಗುವ ಮುಂಚಿನ ಕೊನೆಯ ಹಾರಾಟ ಜಮಖಂಡಿಯ ಗುಡ್ಡದ ಕೆಳಗೆ. ಮಾಸ್ತರ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ರಿಮೋಟಿನ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, “ಇವತ್ತ ನೀ ಬಾಯಿ ಬಿಡಬ್ಯಾಡ. ನಾನ ನೋಡ್ತೀನಿ,” ಅಂದ. ಆಗಲಿ ಅಂದು ಹಗ್ಗ ಜಗ್ಗಿ ಬಿಟ್ಟೆ. ಗ್ಲೈಡರ್ ಮೇಲೇರಿತು.

ಅಲ್ಲಿ ಒಂದು ಹದ್ದು ಬಿಸಿಗಾಳಿಯಲ್ಲಿ ತಿರುಗುತ್ತಿತ್ತು. ಗ್ಲೈಡರ್ ಅದರ ಪಕ್ಕದಲ್ಲಿ ಹಾದು, ಹಾಗೆಯೇ ದೂರ ಜಾರಿ, ಸದ್ದಿಲ್ಲದೆ ಕಬ್ಬಿನ ಹೊಲದೊಳಗೆ ಇಳಿದುಹೋಯಿತು. ಮಾಸ್ತರ ಮಾತ್ರ ಮೇಲೆ ನೋಡುತ್ತಲೇ ಇದ್ದ. ಹೆಬ್ಬೆರಳುಗಳು ರಿಮೋಟಿನ ಮೇಲೆ ಮೆಲ್ಲಗೆ ಆಡುತ್ತಿದ್ದವು.

“ಕಾಣಾಕತ್ತೈತಲೇ! ಎಷ್ಟ್ ಛಂದ ತಿರಗಾಕತ್ತೈತಿ ನೋಡು. ಇಂಥಾ ಹಾರಾಟ ಜನ್ಮದಾಗ ಆಗಿದ್ದಿಲ್ಲ.”

ಹೇಳಲಾರೆ, ಹೇಳದೆ ಇರಲಾರೆ. “ಛಲೋ ಐತಿ,” ಅಂದೆ. ಅವನ ಮುಖದಲ್ಲಿ ಅಷ್ಟು ಸಂತೋಷ ಕಂಡು ಬಹಳ ದಿನವಾಗಿತ್ತು. ಹದ್ದು ಇನ್ನಷ್ಟು ಸುತ್ತಲಿ, ಇವನಿಗಾಗಿ ಸಂಜೆಯವರೆಗೂ ಸುತ್ತಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಇನ್ನ ಇಳಸ್ತೀನಿ,” ಅಂದ ಮಾಸ್ತರ. ರಿಮೋಟಿನ ಕಡ್ಡಿಯನ್ನು ಮುಂದಕ್ಕೆ ಒತ್ತಿದ. ಹದ್ದಿಗೂ ಆಗಲೇ ಕೆಳಗೆ ಏನು ಕಂಡಿತೋ, ಸರಕ್ಕನೆ ಇಳಿದು ನಮ್ಮ ತಲೆಯ ಮೇಲೆಯೇ ಬಂದು, ರೆಕ್ಕೆ ಪಟಪಟ ಬಡಿದು ಹೋಯಿತು.

ಮಾಸ್ತರನ ಬೆರಳು ನಿಂತವು. ಆಮೇಲೆ ಕೊರಳಿನ ಪಟ್ಟಿ ತೆಗೆದು, ತಡಕಾಡಿ, ನನ್ನ ಕೊರಳಿಗೆ ಹಾಕಿ, ಗಂಭೀರವಾಗಿ ಕೇಳಿದ:

“ಖರೆ ಹೇಳಲೇ, ರೆಕ್ಕಿ ಬಡಿಯೂ ಮಶೀನು ನಾವು ಯಾವಾಗ ಕೂಡಿಸಿದ್ವಿ?”