ಲೇಲೆ ಕಾಕಾನ ನೆತ್ತಿಯ ಮೇಲೊಂದು ಮನೆ

ಹೆಣ್ಣು ನೋಡಲು ಹೋದ ದಿನ ಮಾಂತು ಕಾಲ ಮೇಲೆ ಕಾಲು ಹಾಕಿ ಕೂತು, "ಅಡಗಿ ಏನೇನ್ ಬರ್ತದ?" ಎಂದು ನೀತಾಳನ್ನು ಕೇಳಿದ್ದ. ಆ ಪಾಪ ಅವನನ್ನು ಹುಡುಕಿಕೊಂಡು ಪುಣೆಯ ಮೋಶಿಯವರೆಗೂ ಬಂದಿತ್ತು. ಈಗ ಹೌಸಿಂಗ್ ಸೊಸೈಟಿಯ ಆಫೀಸಿನಲ್ಲಿ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ, ಮೊಣಕಾಲು ಜೋಡಿಸಿಕೊಂಡು ಕೂತವನು ಅವನು. ಎದುರಿಗೆ ಸೆಕ್ರೆಟರಿ ಲೇಲೆ ಕಾಕಾ. ಬಿಳಿ ಮೀಸೆ, ನಗುವಿಗೆ ಕಾಯಂ ರಜೆ.

"ಮನೆಯಲ್ಲಿ ಅಡುಗೆ ಏನೇನು ಮಾಡುತ್ತೀರಿ?" ಎಂದು ಅವರು ಮರಾಠಿಯಲ್ಲಿ ಕೇಳುತ್ತಿದ್ದರು.

ಮಾಂತುವಿಗೆ ಈ ಒಂದು ಬೆಡ್‌ರೂಮಿನ ಮನೆ ಬೇಕೇಬೇಕಿತ್ತು. ಮದುವೆಯಾದಾಗಿನಿಂದ ಗಂಡ ಹೆಂಡತಿ ಸೋದರಮಾವ ಕಾಡಪ್ಪನ ಮನೆಯಲ್ಲಿದ್ದರು. ಕಾಡಪ್ಪನದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ದಲಾಲಿ. ಅಲ್ಲಿ ಇವರ ದಾಂಪತ್ಯಕ್ಕೂ ಮಾವನ ಹಾಸಿಗೆಗೂ ನಡುವೆ ಅತ್ತೆಯ ಒಂದು ಹಳೇ ಸೀರೆ ತೂಗುತ್ತಿತ್ತು. ಈಚೆಗೆ ಪಿಸುಮಾತಾಡಿದರೆ ಆಚೆಗೆ ಮಾವ ಸೀನುತ್ತಿದ್ದ. (ಮೆಣಸಿನಕಾಯಿಯ ಘಾಟಿಗೋ ಮಾತಿನ ಘಾಟಿಗೋ, ಇತ್ಯರ್ಥವಾಗಿರಲಿಲ್ಲ.) "ಚಿಲಕ ಇರೋ ಬಾಗಲಾ ಸಿಗೂತನಾ ನಾ ತವರಮನ್ಯಾಗ ಇರ್ತೀನ್ರಿ" ಎಂದು ನೀತಾ ಚೀಲ ಕಟ್ಟಿಕೊಂಡಿದ್ದಳು. ಮಾಂತು ಕಾಲು ಹಿಡಿಯುವುದೊಂದು ಬಾಕಿಯಿಟ್ಟು ನಿಲ್ಲಿಸಿಕೊಂಡಿದ್ದ.

ಮನೆ ತೋರಿಸಿದ ಏಜೆಂಟ್ ಕಾಂತಪ್ಪ ಗೇಟಿನಲ್ಲೇ ಕಿವಿ ಕಚ್ಚಿದ್ದ: "ನಿಮ್ಮ ಮನಿ ಕೆಳಗ ಸೆಕ್ರೆಟರಿ ಮನಿ ಅದರೀ. ಮ್ಯಾಲಿಂದ ಸದ್ದು ಬಂದ್ರ ಅವ್ರಿಗೆ ಆಗಂಗಿಲ್ಲ. ಹಿಂದಿನವ್ರು ದಿನಾ ಸಂಜೀಕ ದಬದಬಾ ಅನಸ್ತಿದ್ರು. ಓಡಿಸಿಬಿಟ್ರು."

ದಿನಾ ಸಂಜೆ ದಬದಬ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿದವನ ತಲೆಗೆ ಇದಕ್ಕೆ ಬೇರೆ ಅರ್ಥವೇ ಇಲ್ಲ. ಜೋಳದ ರೊಟ್ಟಿ, ಮರಾಠಿಯವರ ಬಾಯಲ್ಲಿ ಭಾಕರಿ. ಅದರಲ್ಲೂ ನೀತಾ ರೊಟ್ಟಿ ಬಡಿಯಲು ಕೂತರೆ ಓಣಿಗೆ ಓಣಿಯೇ ಹೊತ್ತು ತಿಳಿದುಕೊಳ್ಳುತ್ತಿತ್ತು. ಹಾಗಾಗಿ ಲೇಲೆ ಕಾಕಾನ ಪ್ರಶ್ನೆಗೆ ಮಾಂತು ಎದೆಯುಬ್ಬಿಸಿ ಉತ್ತರಿಸಿದ.

"ಚಪಾತಿ, ಅನ್ನ, ಬ್ರೆಡ್ಡು. ಭಾಕರಿ ಮಾತ್ರ ಇಲ್ಲವೇ ಇಲ್ಲ. ನನ್ನ ಹೆಂಡತಿಗೆ ಬಡಿಯುವುದಕ್ಕೇ ಬರುವುದಿಲ್ಲ ಕಾಕಾ."

ಪಕ್ಕದಲ್ಲಿ ನೀತಾಳ ಕುರ್ಚಿ ಕಿರ್ರೆಂದಿತು. ಮಾಂತು ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ.

"ಒಂದು ತಿಂಗಳು ನೋಡುತ್ತೇವೆ. ತಕರಾರು ಬರದಿದ್ದರೆ ಕಮಿಟಿಯ ಒಪ್ಪಿಗೆ, ಬಂದರೆ ಖಾಲಿ ಮಾಡಬೇಕು" ಎಂದರು ಕಾಕಾ.

ಚಿಲಕವಿರುವ ಬಾಗಿಲು ಸಿಕ್ಕಿತು. ಆದರೆ ಮೊದಲ ದಿನವೇ ಬೆಡ್‌ರೂಮಿನ ಆ ಚಿಲಕ ಒಳಗಿನಿಂದ ಬಿತ್ತು, ಮಾಂತು ಹೊರಗುಳಿದ. ಮರುದಿನದಿಂದ ಊಟಕ್ಕೆ ಬ್ರೆಡ್ಡು. ಚಾಕಣದ ಕಾರ್ಖಾನೆಯಲ್ಲಿ ದಿನವಿಡೀ ಬಿಡಿಭಾಗಗಳ ಲೆಕ್ಕ ಬರೆದು ಬಂದವನ ಹೊಟ್ಟೆ ಬ್ರೆಡ್ಡನ್ನು ಊಟವೆಂದೇ ಒಪ್ಪಲಿಲ್ಲ.

"ಒಂದರ ರೊಟ್ಟಿ ಮಾಡ ನೀತಾ. ಮೆಲ್ಲಕ ಬಡದ್ರಾತು" ಎಂದು ಅಡುಗೆಮನೆಯ ಕಿಟಕಿಯ ಬಳಿ ನಿಂತು ಗೋಗರೆದ.

"ನನಗೆಲ್ಲಿ ಬರ್ತದರೀ? ಸೊಸೈಟಿ ಮುಂದ ನೀವ ಹೇಳೀರಲ್ಲ. ನಮ್ಮವ್ವ ಕೇಳಿದ್ರ ಏನಂತಾಳ? ಮಗಳಿಗಿ ರೊಟ್ಟಿ ಕಲಸಿಲ್ಲ ಅಂತ ಅಕಿ ಹೆಸರೂ ಹಾಳ ಮಾಡಿದ್ರಿ."

"ಹಳೂ ಮಾತಾಡ. ಕೆಳಗ ಕೇಳಸ್ತದ."

"ಕೇಳಸ್ಲಿ. ಇಲ್ಲಿ ಯಾರಿಗಿ ಕನ್ನಡ ಬರ್ತದ?"

ಈ ಒಂದು ವಿಷಯದಲ್ಲಿ ಮಾಂತುವಿಗೂ ಸಮಾಧಾನವಿತ್ತು. ಕನ್ನಡದಲ್ಲಿ ಎಷ್ಟು ಬೈಸಿಕೊಂಡರೂ ಕಟ್ಟಡದಲ್ಲಿ ಮರ್ಯಾದೆ ಉಳಿಯುತ್ತಿತ್ತು. ದಿನಾ ಅದೇ ಕಿಟಕಿ, ಅದೇ ಜಗಳ.

ತಿಂಗಳು ಮುಗಿಯುತ್ತ ಬಂತು. ಮರುದಿನ ಕಮಿಟಿಯ ಸಭೆ. ಒಂದೇ ಒಂದು ಸಂಜೆ ಸುಮ್ಮನಿದ್ದಿದ್ದರೆ ಸಾಕಿತ್ತು. ಆದರೆ ಅಂದು ನೀತಾ ಬದನೆಯ ಎಣಗಾಯಿ ಪಲ್ಲೆ ಮಾಡಿಟ್ಟು ಪೇಟೆಗೆ ಹೋದಳು. (ಬೇಕೆಂದೇ ಮಾಡಿದ್ದು ಎಂದು ಮಾಂತು ಈಗಲೂ ಹೇಳುತ್ತಾನೆ.) ಎಣಗಾಯಿಯ ಜೊತೆ ಬ್ರೆಡ್ಡು ತಿನ್ನುವುದಕ್ಕಿಂತ ಮನೆ ಬಿಡುವುದೇ ಲೇಸೆನಿಸಿತು. ನೆಲಕ್ಕೆ ಕಂಬಳಿ, ಕಂಬಳಿಯ ಮೇಲೆ ದಿಂಬು, ದಿಂಬಿನ ಮೇಲೆ ಅಗಲ ತಳದ ಪರಾತ ಇಟ್ಟು, ಹಿಟ್ಟು ನಾದಿ, ಉಸಿರು ಬಿಗಿಹಿಡಿದು ಮೊದಲ ಏಟು ಹಾಕಿದ. ದಿಂಬು ಜಾರಿತು. ಪರಾತ ಠಣ್ಣೆಂದು ನೆಲಕ್ಕೆ ಬಡಿಯಿತು. ಆದದ್ದಾಯಿತೆಂದು ಅಲ್ಲೇ ಇನ್ನಷ್ಟು ದಬದಬ ಬಡಿದ.

ನೀತಾ ಬಾಗಿಲು ತೆರೆದು ಬಂದಳು, ಅವನ ಅವತಾರ ನೋಡಿದಳು. ಅವಳು ಬಾಯಿ ತೆರೆಯುವ ಮುನ್ನವೇ ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಲೇಲೆ ಕಾಕಾ. ಅವರ ತೋಳು ಹಿಡಿದು ಬಾಗಿದ ಬೆನ್ನಿನ ಅವರ ತಾಯಿ. ಮಾಂತುವಿನ ಕಣ್ಣಿಗೆ ಅವರಿಬ್ಬರ ಬೆನ್ನ ಹಿಂದೆ ಕಾಡಪ್ಪನ ಮನೆಯ ಸೀರೆ ತೂಗಾಡಿತು.

"ಸದ್ದು ಮಾಡಿದ್ದು ಯಾರು?" ಎಂದರು ಕಾಕಾ.

ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡವನು ಹೆಂಡತಿಯ ಮುಖ ನೋಡಿದ. ಕಾಪಾಡು ಎಂಬ ನೋಟವದು. ನೀತಾ ಸೆರಗು ಸರಿಮಾಡಿಕೊಂಡು ಸೊಗಸಾದ ಮರಾಠಿಯಲ್ಲಿ ಹೇಳಿದಳು: "ಇವರೇ ಕಾಕಾ. ನನಗೆ ಬರುವುದಿಲ್ಲ ಎಂದು ನಿಮಗೆ ಗೊತ್ತೇ ಇದೆಯಲ್ಲ. ನಮ್ಮ ಮನೆಯಲ್ಲಿ ಭಾಕರಿ ಇವರ ಕೈಯದೇ."

ಕಾಕಾನ ಮೀಸೆ ಅಲುಗಿತು. ಅದು ನಗುವೆಂದು ತಿಳಿಯಲು ಮಾಂತುವಿಗೆ ಹೊತ್ತು ಹಿಡಿಯಿತು.

"ಹಿಂದಿನವನು ಡಂಬೆಲ್ಸ್ ಎತ್ತಿ ನಮ್ಮ ತಲೆಯ ಮೇಲೆ ಬಿಸಾಡುತ್ತಿದ್ದ. ಇದು ಭಾಕರಿಯ ಸದ್ದು ಎಂದು ಆಯಿಯೇ ಎದ್ದು ಹೊರಟಳು. ನಾನು ಕರೆದರೂ ಹಾಸಿಗೆ ಬಿಡದವಳು."

ಮಾಂತುವಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಆಯಿ ಒಳಗೆ ಹೋಗಿ, ಪರಾತದಲ್ಲಿ ಹರಿದು ಬಿದ್ದಿದ್ದ ರೊಟ್ಟಿಯನ್ನು ಬೆರಳಿನಿಂದ ಎತ್ತಿ ನೋಡಿದರು.

"ತಮ್ಮಾ, ಇದಕ್ಕ ರೊಟ್ಟಿ ಅಂತಾರೇನೋ?"

ಅಪ್ಪಟ ಕನ್ನಡ.

"ನನ್ನ ತವರು ಅಕ್ಕಲಕೋಟ ಕಡೀದು. ನಿನ್ನ ಅಡಗಿಮನಿ ಕಿಟಕಿ ಕೆಳಗ ನನ್ನ ಮಂಚ ಅದ. ತಿಂಗಳಾತು, ನಿಮ್ಮಿಬ್ರದು ಒಂದ ಮಾತೂ ಬಿಟ್ಟಿಲ್ಲ."

"ಆಯಿ ಏನೆನ್ನುತ್ತಿದ್ದಾಳೆ?" ಎಂದು ಕನ್ನಡ ಬಾರದ ಕಾಕಾ ಕೇಳಿದರು.

ಆಯಿ ನೀತಾಳನ್ನು ನೋಡಿದರು. ನೀತಾ ಆಯಿಯನ್ನು ನೋಡಿದಳು. ಇಬ್ಬರ ನಡುವೆ ಕಣ್ಣಿನಲ್ಲೇ ಏನೋ ಒಡಂಬಡಿಕೆಯಾಯಿತು.

"ಹುಡುಗ ಒಳ್ಳೆಯವನು, ಕೈ ಮಾತ್ರ ಇನ್ನೂ ಪಳಗಿಲ್ಲ" ಎಂದರು ಆಯಿ ಮರಾಠಿಯಲ್ಲಿ. "ದಿನಾ ಸಂಜೆ ಬಂದು ಕಲಿಸುತ್ತೇನೆ. ಅವನ ಕೈಯ ಭಾಕರಿಯೇ ನನಗೆ ಊಟ. ನೀನು ಒಪ್ಪಿಗೆ ಕೊಟ್ಟುಬಿಡು."

ಕಾಕಾ ಕೊಟ್ಟುಬಿಟ್ಟರು.

ಈಗ ಮಾಂತು ಚಾಕಣದಿಂದ ಬಂದವನೇ ಕೈ ತೊಳೆದು ಪರಾತದ ಮುಂದೆ ಕೂರುತ್ತಾನೆ. ಆಯಿ ಕಲಿಸಿದ್ದು ಮೊದಲ ವಾರ ಮಾತ್ರ. ಆಮೇಲೆ ಅವರಿಗೂ ನೀತಾಳಿಗೂ ಆಡಲು ಕನ್ನಡದ ಮಾತುಗಳು ಎಷ್ಟೋ ಇದ್ದವು. ಹೊಗೆ ಬರುತ್ತದೆಂದು ಇಬ್ಬರೂ ಬೆಡ್‌ರೂಮಿಗೆ ಹೋಗಿ ಬಾಗಿಲು ಹಾಕಿ ಚಿಲಕ ಏರಿಸುತ್ತಾರೆ. ಯಾವ ಚಿಲಕಕ್ಕಾಗಿ ಮಾಂತು ಅಷ್ಟು ದೊಡ್ಡ ಸುಳ್ಳು ಹೇಳಿದ್ದನೋ ಅದೇ ಚಿಲಕ. ಅವನು ಸೋತು ಒಂದು ಗಳಿಗೆ ಕೈ ನಿಲ್ಲಿಸಿದರೂ ಒಳಗಿನಿಂದ ಆಯಿಯ ದನಿ ಬರುತ್ತದೆ.

"ತಮ್ಮಾ, ಸದ್ದ ಕೇಳಸವಲ್ದು."